ಓಲ್ಡ್ ಟ್ರಾಫರ್ಡಿನ ಪಂಕ್ತಿಭೇದ

2025ರ ಮೇ ತಿಂಗಳ ಒಂದು ರಾತ್ರಿ ಹನ್ನೆರಡೂವರೆಗೆ ಶುರುವಾದ ಆಟ ಮುಗಿಯುವಾಗ ಎರಡೂವರೆ ಆಗಿತ್ತು. ಹಾಸ್ಟೆಲ್ಲಿನ ನನ್ನ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪಿನ ಸುತ್ತ ನಾಲ್ವರು ಕೂತಿದ್ದೆವು. ಬಿಲ್ಬಾವೊದಲ್ಲಿ ಯುರೋಪಾ ಲೀಗಿನ ಫೈನಲ್. ಟಾಟನ್‌ಹ್ಯಾಮ್ ಒಂದು, ಮ್ಯಾಂಚೆಸ್ಟರ್ ಯುನೈಟೆಡ್ ಸೊನ್ನೆ. ಆ ವರ್ಷದ ಪ್ರೀಮಿಯರ್ ಲೀಗಿನಲ್ಲಿ ಯುನೈಟೆಡ್ 15ನೇ ಸ್ಥಾನಕ್ಕೆ ಇಳಿಯಿತು. 38 ಪಂದ್ಯಗಳಲ್ಲಿ 18 ಸೋಲು, 42 ಅಂಕ. 1974ರಲ್ಲಿ ಕೆಳಗಿನ ದರ್ಜೆಗೆ ಬಿದ್ದ ಮೇಲೆ ಈ ಕ್ಲಬ್ಬು ಇಷ್ಟು ಕೆಟ್ಟದಾಗಿ ಆಡಿದ್ದೇ ಇಲ್ಲ. ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲು, 2008ರ ಮಾಸ್ಕೋ ಫೈನಲನ್ನು ಅಣ್ಣನ ಪಕ್ಕ ನಿದ್ದೆಗಣ್ಣಲ್ಲಿ ನೋಡಿ ಈ ಹುಚ್ಚು ಹಿಡಿಸಿಕೊಂಡವಳು. ಅವತ್ತು ಮಾತೇ ಹೊರಡಲಿಲ್ಲ. ಆಗ ನನ್ನ ಜೂನಿಯರ್ ಹುಡುಗಿ ಸಮಾಧಾನ ಹೇಳಿದಳು: "ಹೋಗ್ಲಿ ಬಿಡಿ ಅಕ್ಕ, ಇನ್ನು ರೀಬಿಲ್ಡ್ ಮಾಡ್ತಾರಲ್ಲ."

ಆ ಪದ ನನಗೂ ಹಿತವಾಗಿಯೇ ಕೇಳಿಸಿತು. ಮರುದಿನ ಬೆಳಿಗ್ಗೆ ಎದ್ದವಳೇ ಸಂಶೋಧನೆಯ ಅಧ್ಯಾಯ ಬಿಟ್ಟು, ಯಾರನ್ನು ಕೊಳ್ಳುತ್ತಾರೆ, ಯಾರನ್ನು ಮಾರುತ್ತಾರೆ ಎಂದು ಎರಡು ಗಂಟೆ ಓದಿದೆ. ಹೊಸ ಋತುವಿಗೆ ಮುನ್ನ ಮಾಲೀಕನ ಪುನರ್ನಿರ್ಮಾಣದ ಯೋಜನೆ ಎನ್ನುವುದು ಅಭಿಮಾನಿಗಳ ಪಾಲಿಗೆ ಯುಗಾದಿ ಪಂಚಾಂಗ ಇದ್ದಂತೆ. ಹೋದ ವರ್ಷದ ಫಲ ಏನಾಗಿತ್ತು ಅಂತ ಯಾರೂ ಕೇಳುವುದಿಲ್ಲ. ಹೊಸ ಪುಟ ತೆಗೆದು ತಮ್ಮ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು ಅಂತ ನೋಡುತ್ತಾರೆ. ಇದು 2025ರ ಸೆಪ್ಟೆಂಬರ್. ಋತು ಶುರುವಾಗಿ ಕೆಲವು ವಾರಗಳಾಗಿವೆ. ಆ ಪಂಚಾಂಗವನ್ನು ಮತ್ತೊಮ್ಮೆ ತೆಗೆದು ಓದಿದಾಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಒಡೆದವರು ಯಾರು ಎಂಬ ಪ್ರಶ್ನೆ. 2005ರಲ್ಲಿ ಅಮೆರಿಕದ ಮಾಲ್ಕಮ್ ಗ್ಲೇಜರ್ ಸುಮಾರು 79 ಕೋಟಿ ಪೌಂಡಿನ ಲೆಕ್ಕದಲ್ಲಿ ಈ ಕ್ಲಬ್ಬನ್ನು ಕೊಂಡರು. ಅದರ ದೊಡ್ಡ ಭಾಗ ಸಾಲ. ಆ ಸಾಲದಲ್ಲಿ ಬಹುಪಾಲನ್ನು ಹೊರಿಸಿದ್ದು ಕೊಂಡವರ ತಲೆಗಲ್ಲ, ಕ್ಲಬ್ಬಿನ ತಲೆಗೆ. ಅಲ್ಲಿಯವರೆಗೆ ಸಾಲವೇ ಇಲ್ಲದಿದ್ದ ಸಂಸ್ಥೆ ತನ್ನನ್ನು ಕೊಂಡವನ ಸಾಲಕ್ಕೆ ತಾನೇ ಬಡ್ಡಿ ಕಟ್ಟತೊಡಗಿತು. ಮದುವೆಯ ಖರ್ಚನ್ನೆಲ್ಲ ಹೆಣ್ಣಿನ ಮನೆಯ ಮೇಲೆ ಹಾಕಿ, ಆಮೇಲೆ ಹೆಣ್ಣಿನ ದುಡಿಮೆಯಿಂದಲೇ ಆ ಸಾಲ ತೀರಿಸಿಕೊಳ್ಳುವ ಗಂಡಿನ ಕಡೆಯವರನ್ನು ನಮ್ಮ ಕಡೆ ನೋಡಿರುತ್ತೀರಿ. ಹಾಗೆ. ಇಪ್ಪತ್ತು ವರ್ಷಗಳಲ್ಲಿ ಬಡ್ಡಿ, ಶುಲ್ಕ, ಲಾಭಾಂಶಗಳ ಹೆಸರಿನಲ್ಲಿ ಹೊರಹೋದ ಹಣ ನೂರು ಕೋಟಿ ಪೌಂಡನ್ನು ದಾಟಿತೆಂಬ ಅಂದಾಜು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಇತ್ತ ಓಲ್ಡ್ ಟ್ರಾಫರ್ಡಿನ ಮಾಡು ಸೋರುತ್ತಿತ್ತು. 2024ರ ಮೇಯಲ್ಲಿ ಆರ್ಸೆನಲ್ ವಿರುದ್ಧ ಸೋತ ದಿನ ಸುರಿದ ಮಳೆಗೆ ಸ್ಟೇಡಿಯಂನ ಮೂಲೆಯೊಂದರಲ್ಲಿ ಜಲಪಾತವೇ ಇಳಿಯಿತು. ಮಲೆನಾಡಿನ ನಾನು ಆ ವಿಡಿಯೋ ನೋಡಿ ನಕ್ಕೆ. ನಮ್ಮ ಮನೆಯ ಹಂಚು ಅದಕ್ಕಿಂತ ವಾಸಿ.

2024ರ ಫೆಬ್ರವರಿಯಲ್ಲಿ ಬಂದವರು ಸರ್ ಜಿಮ್ ರಾಟ್‌ಕ್ಲಿಫ್. ಇನಿಯಾಸ್ ಎಂಬ ರಾಸಾಯನಿಕ ಕಂಪನಿಯ ಒಡೆಯ, ಬ್ರಿಟನ್ನಿನ ಅತಿ ಸಿರಿವಂತರಲ್ಲಿ ಒಬ್ಬರು. ಮ್ಯಾಂಚೆಸ್ಟರ್ ಪಕ್ಕದ ಫೇಲ್ಸ್‌ವರ್ತ್‌ನಲ್ಲಿ ಹುಟ್ಟಿದವರು, ಬಾಲ್ಯದಿಂದ ಯುನೈಟೆಡ್ ಅಭಿಮಾನಿ. ತೆರಿಗೆಯ ಮಟ್ಟಿಗೆ ಮಾತ್ರ ಮೊನಾಕೊ ನಿವಾಸಿ. ಕಾಲುಭಾಗಕ್ಕಿಂತ ತುಸು ಹೆಚ್ಚು ಪಾಲು ಕೊಂಡು ಫುಟ್ಬಾಲಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಅತಿ ದೊಡ್ಡ ಪಾಲು ಗ್ಲೇಜರ್ ಮಕ್ಕಳಲ್ಲೇ ಉಳಿಯಿತು. 'ಊರ ಮಗ ಬಂದ' ಎಂದು ನಾವೆಲ್ಲ ಸಂಭ್ರಮಿಸಿದೆವು. ನಾನೂ ಸ್ಟೇಟಸ್ ಹಾಕಿದ್ದೆ, ಸುಳ್ಳು ಯಾಕೆ ಹೇಳಲಿ.

ಊರ ಮಗನ ಪುನರ್ನಿರ್ಮಾಣ ಶುರುವಾದದ್ದು ಕೆಲಸಗಾರರಿಂದ. 2024ರ ಬೇಸಿಗೆಯಲ್ಲಿ ಸುಮಾರು 250 ಹುದ್ದೆಗಳು ಹೋದವು. 2025ರ ಫೆಬ್ರವರಿಯಲ್ಲಿ ಇನ್ನೂ 150ರಿಂದ 200 ಹುದ್ದೆಗಳನ್ನು ತೆಗೆಯುವ ಪ್ರಕಟಣೆ ಬಂತು. ಮೊದಲು ಹೆಚ್ಚುಕಡಿಮೆ 1,100 ಜನ ಇದ್ದ ಸಂಸ್ಥೆಯಲ್ಲಿ ಇದು ಎಂಥ ಪೆಟ್ಟು ಎಂದು ಲೆಕ್ಕ ಹಾಕಿಕೊಳ್ಳಿ. ಅದರ ಜೊತೆಗೇ ಓಲ್ಡ್ ಟ್ರಾಫರ್ಡಿನಲ್ಲಿ ಸಿಬ್ಬಂದಿಯ ಕ್ಯಾಂಟೀನ್ ಮುಚ್ಚಿ ಊಟದ ಬದಲು ಹಣ್ಣು ಇಡುತ್ತಾರೆ ಎಂಬ ಸುದ್ದಿ ಬಂತು. ಆಟಗಾರರು ತಾಲೀಮು ನಡೆಸುವ ಕ್ಯಾರಿಂಗ್ಟನ್‌ನಲ್ಲಿ ಆಟಗಾರರಿಗೆ ಎಂದಿನಂತೆ ಪೂರ್ತಿ ಊಟ, ಉಳಿದವರಿಗೆ ಸೂಪು ಮತ್ತು ಬ್ರೆಡ್ಡು.

ಇದನ್ನು ಓದಿದಾಗ ನನ್ನ ತಲೆಗೆ ಬಂದ ಪದ ಇಂಗ್ಲಿಷಿನದಲ್ಲ, ಪಂಕ್ತಿಭೇದ. ನಮ್ಮಲ್ಲಿ ಈ ಪದಕ್ಕೆ ಇರುವ ಚರಿತ್ರೆ ಬೇರೆ, ಗಾಯವೂ ಬೇರೆ. ಜಾತಿಯ ಹೆಸರಲ್ಲಿ ಎಲೆ ಬೇರೆ ಮಾಡಿದ್ದನ್ನು ಇಂಗ್ಲೆಂಡಿನ ಒಂದು ಕಚೇರಿಯ ಊಟದ ಜೊತೆ ತೂಗಬಾರದು, ನಾನು ತೂಗುತ್ತಲೂ ಇಲ್ಲ. ಆದರೆ ಪಕ್ಕದವನ ತಟ್ಟೆಗೆ ಏನು ಬಡಿಸಿದರು, ನನ್ನ ತಟ್ಟೆಗೆ ಏನು ಬಡಿಸಿದರು ಎಂಬುದರಲ್ಲಿ ಮನುಷ್ಯನ ಬೆಲೆ ಕಟ್ಟುವ ಕ್ರಮವೊಂದು ಇದೆಯಲ್ಲ, ಅದನ್ನು ಹೇಳುವ ಪದ ನಮ್ಮ ಭಾಷೆಯಲ್ಲಿ ಸಿದ್ಧವಾಗಿದೆ. ಆಟಗಾರನ ಜೊತೆ ಅದೇ ಕಟ್ಟಡದಲ್ಲಿ ಬಟ್ಟೆ ಒಗೆಯುವವರು, ಹುಲ್ಲು ನೋಡಿಕೊಳ್ಳುವವರು, ವಿಡಿಯೋ ಕತ್ತರಿಸುವವರು ಇರುತ್ತಾರೆ. ಅಲ್ಲಿ ಒಂದೇ ಸೂರಿನಡಿ ಎರಡು ಪಂಕ್ತಿ ಮಾಡಿದವರು ತಾವು ಏನನ್ನೋ ಕಟ್ಟುತ್ತಿದ್ದೇವೆ ಎನ್ನುತ್ತಾರೆ.

2025ರ ಮಾರ್ಚಿನ ಸಂದರ್ಶನಗಳಲ್ಲಿ ಇದರ ಬಗ್ಗೆ ಕೇಳಿದಾಗ ರಾಟ್‌ಕ್ಲಿಫ್ ತಮಗೆ ಯಾರೂ ಎಂದೂ ಬಿಟ್ಟಿ ಊಟ ಹಾಕಿರಲಿಲ್ಲ ಎಂಬರ್ಥದ ಮಾತಾಡಿದರು. ಕ್ರಮ ಕೈಗೊಳ್ಳದಿದ್ದರೆ ವರ್ಷದ ಕೊನೆಗೆ ಕ್ಲಬ್ಬಿನ ಕೈಯಲ್ಲಿ ನಗದೇ ಇರುತ್ತಿರಲಿಲ್ಲ ಎಂದರು. ಕೆಲವು ಆಟಗಾರರು ಸಾಲದು, ಕೆಲವರ ಸಂಬಳ ಅತಿಯಾಯಿತು ಎಂದೂ ಹೇಳಿದರು. ಇದರಲ್ಲಿ ಸುಳ್ಳಿಲ್ಲ. ಯುನೈಟೆಡ್ ವರ್ಷದಿಂದ ವರ್ಷಕ್ಕೆ ನಷ್ಟದಲ್ಲಿ ನಡೆದಿತ್ತು. ಹಳೆಯ ಆಡಳಿತ ತಂದ ಆಟಗಾರರ ಕಂತುಗಳನ್ನು ಹೊಸಬರು ಕಟ್ಟುತ್ತಿದ್ದರು. ಗ್ಲೇಜರ್ ಕುಟುಂಬದ ಹಾಗಲ್ಲದೆ ರಾಟ್‌ಕ್ಲಿಫ್ ತಮ್ಮ ಕಿಸೆಯಿಂದ 30 ಕೋಟಿ ಡಾಲರ್ ಕ್ಲಬ್ಬಿಗೆ ಹಾಕಿದ್ದಾರೆ. ನನ್ನ ವಾದಕ್ಕೆ ತೊಡಕಾಗುತ್ತದೆ ಅಂತ ಇದನ್ನು ಮುಚ್ಚಿಡುವುದು ಸರಿಯಲ್ಲ.

ಆದರೂ ಲೆಕ್ಕವನ್ನೇ ನೋಡೋಣ, ಯಾಕೆಂದರೆ ಲೆಕ್ಕ ಅವರದೇ ಆಯುಧ. ಊಟ ನಿಲ್ಲಿಸಿದ್ದರಿಂದ ವರ್ಷಕ್ಕೆ ಹತ್ತು ಲಕ್ಷ ಪೌಂಡಿನಷ್ಟು ಉಳಿಯುತ್ತದೆಂದು ವರದಿಯಾಯಿತು. ಇನ್ನೊಂದು ಪುಟ: 2024ರ ಜುಲೈಯಲ್ಲಿ ತರಬೇತುದಾರ ಎರಿಕ್ ಟೆನ್ ಹಾಗ್ ಅವರ ಒಪ್ಪಂದವನ್ನು ಹೊಸ ಆಡಳಿತವೇ ವಿಸ್ತರಿಸಿತು, ಅಕ್ಟೋಬರಿನಲ್ಲಿ ಅದೇ ಆಡಳಿತ ಅವರನ್ನು ಕಳಿಸಿತು. ಕ್ರೀಡಾ ನಿರ್ದೇಶಕ ಡ್ಯಾನ್ ಆಶ್‌ವರ್ತ್ ಅವರಿಗಾಗಿ ತಿಂಗಳುಗಟ್ಟಲೆ ಕಾದು, ಹಣ ಕೊಟ್ಟು ನ್ಯೂಕ್ಯಾಸಲ್‌ನಿಂದ ಬಿಡಿಸಿಕೊಂಡು ಬಂದರು. ಐದೇ ತಿಂಗಳಿಗೆ ಅವರೂ ಹೊರಗೆ. ಟೆನ್ ಹಾಗ್ ಮತ್ತವರ ಸಹಾಯಕರನ್ನೂ ಆಶ್‌ವರ್ತ್ ಅವರನ್ನೂ ಕಳಿಸಿದ ಖರ್ಚು ಕ್ಲಬ್ಬಿನದೇ ಲೆಕ್ಕಪತ್ರದ ಪ್ರಕಾರ 1 ಕೋಟಿ 45 ಲಕ್ಷ ಪೌಂಡ್. ಅಂದರೆ ಸಿಬ್ಬಂದಿಗೆ ಹದಿನಾಲ್ಕೂವರೆ ವರ್ಷ ಊಟ ಹಾಕಬಹುದಾಗಿದ್ದ ದುಡ್ಡು. ಆ ಎರಡು ತಪ್ಪುಗಳನ್ನು ಮಾಡಿದವರು ಯಾರೂ ಸೂಪು ಕುಡಿಯಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಎನ್ನುವ ಗಾದೆಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬೇಕಿಲ್ಲ.

'ಭಾವನೆಯಿಂದ ಕ್ಲಬ್ ನಡೆಯಲ್ಲ, ವ್ಯಾಪಾರ ವ್ಯಾಪಾರವೇ' ಅನ್ನುವ ಗೆಳೆಯರು ನನಗೆ ಬಹಳ ಜನ ಇದ್ದಾರೆ. ಅವರಿಗೆ ನಾನು ಕೇಳುವುದು ಇಷ್ಟೆ: ವ್ಯಾಪಾರದ ದೃಷ್ಟಿಯಿಂದಾದರೂ ಇದು ಯಾವ ಜಾಣತನ? 2025ರ ಸೆಪ್ಟೆಂಬರಿನಲ್ಲಿ ಬಂದ ವಾರ್ಷಿಕ ಲೆಕ್ಕ ಹೇಳುವಂತೆ 15ನೇ ಸ್ಥಾನದ ಈ ತಂಡದ ಆದಾಯ 66.65 ಕೋಟಿ ಪೌಂಡ್. ಅದು ಅಲ್ಲಿಯವರೆಗಿನ ಕ್ಲಬ್ಬಿನ ಚರಿತ್ರೆಯಲ್ಲೇ ಅತಿ ಹೆಚ್ಚು. ಆದರೂ 3.3 ಕೋಟಿ ನಷ್ಟ. ಹಿಂದಿನ ವರ್ಷದ 11 ಕೋಟಿ ನಷ್ಟಕ್ಕೆ ಹೋಲಿಸಿದರೆ ಸುಧಾರಣೆ, ಒಪ್ಪೋಣ. ಆದರೆ 2025ರ ಬೇಸಿಗೆಯಲ್ಲಿ ಮಥೇಯಸ್ ಕುನ್ಯಾ, ಬ್ರಯಾನ್ ಎಂಬ್ಯೂಮೊ, ಬೆಂಜಮಿನ್ ಶೆಷ್ಕೊ, ಗೋಲಿ ಸೆನ್ನೆ ಲ್ಯಾಮನ್ಸ್ ಇವರಿಗಾಗಿ 20 ಕೋಟಿ ಪೌಂಡಿಗೂ ಹೆಚ್ಚು ಹಣಕ್ಕೆ ಒಪ್ಪಂದ ಮಾಡಿಕೊಂಡಿದ್ದಾರೆ. ನಾನು ಇದನ್ನು ಬೇಡವೆನ್ನುವುದಿಲ್ಲ. ಗೋಲು ಹೊಡೆಯುವವರು ಬೇಕಿತ್ತು. ಈ ಮಟ್ಟದ ಹಣದ ಹೊಳೆ ಹರಿಯುವಲ್ಲಿ ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಉಳಿಸಿದೆವು ಎಂದು ತೋರಿಸುವುದು ಲೆಕ್ಕಶಾಸ್ತ್ರವಲ್ಲ, ನಾಟಕ. ಕಡಿತ ನಡೆಯುತ್ತಿದೆ, ಮಾಲೀಕರು ಕಠಿಣವಾಗಿದ್ದಾರೆ ಎಂದು ಎಲ್ಲರಿಗೂ ಕಾಣಬೇಕು. ಕಾಣಿಸಲು ಸುಲಭವಾದ ದೇಹಗಳು ಊಟದ ಸಾಲಿನಲ್ಲಿ ನಿಂತವರವು.

ಟಿಕೆಟ್ಟಿನದೂ ಅದೇ ಕಥೆ. 2024ರ ನವೆಂಬರ್ ಕೊನೆಯಲ್ಲಿ, ಋತುವಿನ ನಡುವೆ, ಉಳಿದಿದ್ದ ಸದಸ್ಯರ ಟಿಕೆಟ್ಟುಗಳಿಗೆ 66 ಪೌಂಡ್ ಎಂದರು. ಮಕ್ಕಳಿಗೂ ಅಷ್ಟೇ, ಪಿಂಚಣಿದಾರರಿಗೂ ಅಷ್ಟೇ. ಅಲ್ಲಿಯವರೆಗೆ ಮಕ್ಕಳ ಟಿಕೆಟ್ 25 ಪೌಂಡಿಗೂ ಸಿಗುತ್ತಿತ್ತು. ಊಟದಲ್ಲಿ ಭೇದ ಮಾಡಿದವರು ಇಲ್ಲಿ ಮಾತ್ರ ಸಮಾನತೆ ತಂದರು!

ಈಗ ಹೆಂಗಸರ ತಂಡ. ಇದನ್ನು ಒಂದು ಪ್ಯಾರಾದಲ್ಲಿ ಮುಗಿಸುತ್ತಿರುವುದಕ್ಕೆ ನನಗೇ ನಾಚಿಕೆ, ಆದರೆ ಮಾಲೀಕರು ಕೊಟ್ಟ ಜಾಗವೂ ಅಷ್ಟೇ. 2024ರ ಮೇ 12ರಂದು ಯುನೈಟೆಡ್ ಹೆಂಗಸರು ವೆಂಬ್ಲಿಯಲ್ಲಿ ಟಾಟನ್‌ಹ್ಯಾಮನ್ನು ನಾಲ್ಕು ಗೋಲುಗಳಿಂದ ಸೋಲಿಸಿ ಮೊದಲ ಸಲ ಎಫ್‌ಎ ಕಪ್ ಗೆದ್ದರು. ಅದೇ ದಿನ ಗಂಡಸರ ತಂಡ ಓಲ್ಡ್ ಟ್ರಾಫರ್ಡಿನಲ್ಲಿ ಆರ್ಸೆನಲ್ಲಿಗೆ ಸೋತಿತು, ಆ ಜಲಪಾತದ ದಿನ. ಊರ ಮಗ ಕೂತಿದ್ದು ಸೋರುವ ಮಾಡಿನ ಕೆಳಗೆ. ಕೆಲವೇ ವಾರಗಳಲ್ಲಿ, 5 ಕೋಟಿ ಪೌಂಡಿನಲ್ಲಿ ಕ್ಯಾರಿಂಗ್ಟನ್ ನವೀಕರಣ ಶುರುವಾದಾಗ, ಕಪ್ ಗೆದ್ದ ಹೆಂಗಸರ ಕಟ್ಟಡವನ್ನು ಗಂಡಸರಿಗೆ ಕೊಟ್ಟು ಹೆಂಗಸರನ್ನು ತಾತ್ಕಾಲಿಕ ಶೆಡ್ಡುಗಳಿಗೆ ಕಳಿಸಿದರು. ಕಟ್ಟುವ ಕೆಲಸ ನಡೆಯುವಾಗ ಮನೆಯ ಹೆಂಗಸರೇ ಹಿತ್ತಿಲಲ್ಲಿ ಒಲೆ ಹೂಡಿಕೊಳ್ಳಬೇಕು ಎನ್ನುವುದು ಎಲ್ಲ ಊರಿನ ರೂಢಿ ಅಂತ ಕಾಣುತ್ತದೆ.

ಇಷ್ಟು ಹೊತ್ತೂ ಮಾರ್ಕಸ್ ರ್‍ಯಾಶ್‌ಫರ್ಡ್ ಹೆಸರು ಎತ್ತಲಿಲ್ಲ. ವಿದ್ಢಿನ್‌ಶಾ ಎಂಬ ಮ್ಯಾಂಚೆಸ್ಟರಿನ ಬಡ ಬಡಾವಣೆಯ ಹುಡುಗ, ಏಳನೇ ವಯಸ್ಸಿಗೆ ಕ್ಲಬ್ಬಿನ ಅಕಾಡೆಮಿ ಸೇರಿದವನು. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಶಾಲೆಯ ಉಚಿತ ಊಟ ನೆಚ್ಚಿದ್ದ ಮಕ್ಕಳಿಗೆ ಬೇಸಿಗೆ ರಜೆಯಲ್ಲೂ ಊಟದ ಚೀಟಿ ಕೊಡಬೇಕೆಂದು ಅವನು ಸಂಸದರಿಗೆ ಬಹಿರಂಗ ಪತ್ರ ಬರೆದ. ತಾನೂ ಅಂಥ ಊಟದಿಂದಲೇ ಬೆಳೆದವನು ಎಂದ. ಬ್ರಿಟನ್ ಸರ್ಕಾರ ತನ್ನ ನಿರ್ಧಾರ ಬದಲಿಸಿತು. ಆಗ ಅವನಿಗೆ 22 ವರ್ಷ. ಬಿಸಿಯೂಟದ ಪಾತ್ರೆಯ ಮುಂದೆ ತಟ್ಟೆ ಹಿಡಿದು ನಿಂತು ಬೆಳೆದ ನನ್ನಂಥವರಿಗೆ ಫುಟ್ಬಾಲ್ ಆಟಗಾರನೊಬ್ಬನ ಆ ಮಾತು ಎಷ್ಟು ಹತ್ತಿರದ್ದಾಗಿ ಕೇಳಿಸಿತು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಹುಡುಗನನ್ನು ಮೊದಲು ಆಸ್ಟನ್ ವಿಲ್ಲಾಕ್ಕೆ, ಆಮೇಲೆ 2025ರ ಬೇಸಿಗೆಯಲ್ಲಿ ಬಾರ್ಸಿಲೋನಾಕ್ಕೆ ಎರವಲು ಕೊಟ್ಟರು. ಅವನ 10ನೇ ನಂಬರಿನ ಅಂಗಿ ಕುನ್ಯಾ ಪಾಲಾಯಿತು. ಉಚಿತ ಊಟಕ್ಕಾಗಿ ಸರ್ಕಾರವನ್ನೇ ಮಣಿಸಿದವನೂ ಸಿಬ್ಬಂದಿಯ ಊಟವೂ ಒಂದೇ ತಿಂಗಳಲ್ಲಿ, 2025ರ ಫೆಬ್ರವರಿಯಲ್ಲಿ, ಕ್ಲಬ್ಬಿನ ಗೇಟು ದಾಟಿದ್ದು ಕಾಕತಾಳೀಯವೇ ಇರಬಹುದು. ಕಾದಂಬರಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಅತಿಯಾಯಿತು ಎಂದು ನಾನೇ ವಿಮರ್ಶೆಯಲ್ಲಿ ತೆಗಳುತ್ತಿದ್ದೆ. ರ್‍ಯಾಶ್‌ಫರ್ಡ್ ಆಟ ಕೊನೆಯ ಎರಡು ವರ್ಷ ಸೊರಗಿತ್ತು, ಶಿಸ್ತಿನ ತಕರಾರುಗಳಿದ್ದವು, ನಿಜ. ಅವನನ್ನು ಬಿಟ್ಟದ್ದೇ ಅಪರಾಧ ಎನ್ನುತ್ತಿಲ್ಲ.

ಆದರೆ ಇದರ ಹಿಂದೆ ಒಂದು ಲೆಕ್ಕದ ನಿಯಮವಿತ್ತು, ಅದನ್ನು ತಿಳಿಯದೆ ಈ ಪುನರ್ನಿರ್ಮಾಣ ಅರ್ಥವಾಗುವುದಿಲ್ಲ. 2025ರಲ್ಲಿದ್ದ ಆ ನಿಯಮದಂತೆ ಪ್ರೀಮಿಯರ್ ಲೀಗಿನ ಕ್ಲಬ್ಬೊಂದು ಮೂರು ವರ್ಷದಲ್ಲಿ ಗರಿಷ್ಠ 10.5 ಕೋಟಿ ಪೌಂಡ್ ನಷ್ಟ ಮಾಡಬಹುದಿತ್ತು. ಹೊರಗಿನಿಂದ ಆರು ಕೋಟಿಗೆ ಆಟಗಾರನನ್ನು ಕೊಂಡು ಐದು ವರ್ಷದ ಒಪ್ಪಂದ ಮಾಡಿಕೊಂಡರೆ ಪುಸ್ತಕದಲ್ಲಿ ಆ ಖರ್ಚು ವರ್ಷಕ್ಕೆ 1.2 ಕೋಟಿಯಂತೆ ಹಂಚಿಹೋಗುತ್ತದೆ. ಅಕಾಡೆಮಿಯಲ್ಲೇ ಬೆಳೆದ ಹುಡುಗನನ್ನು ಯಾರೂ ಕೊಂಡಿಲ್ಲವಲ್ಲ, ಹಾಗಾಗಿ ಅವನ ಪುಸ್ತಕದ ಬೆಲೆ ಸೊನ್ನೆ. ಮಾರಿದರೆ ಬಂದ ದುಡ್ಡೆಲ್ಲ ಅದೇ ವರ್ಷದ ಲಾಭ. ಹೀಗೆ ಲೆಕ್ಕದ ಪುಸ್ತಕದಲ್ಲಿ ಮನೆಮಕ್ಕಳಷ್ಟು ಲಾಭ ತರುವ ಸರಕು ಬೇರೊಂದಿಲ್ಲ. 2024ರ ಆಗಸ್ಟಿನಲ್ಲಿ ಯುನೈಟೆಡ್ ಅಕಾಡೆಮಿಯ ಸ್ಕಾಟ್ ಮ್ಯಾಕ್‌ಟಾಮಿನೆಯನ್ನು ಸುಮಾರು 2.5 ಕೋಟಿ ಪೌಂಡಿಗೆ ನಪೋಲಿಗೆ ಮಾರಿದರು. ನಪೋಲಿ ಆ ವರ್ಷವೇ ಇಟಲಿಯ ಲೀಗ್ ಗೆದ್ದಿತು, ಅಲ್ಲಿನ ವರ್ಷದ ಶ್ರೇಷ್ಠ ಆಟಗಾರ ಇದೇ ಮ್ಯಾಕ್‌ಟಾಮಿನೆ. 1937ರ ಅಕ್ಟೋಬರಿನಿಂದ ಇವತ್ತಿನವರೆಗೆ ತನ್ನ ಪ್ರತಿ ಪಂದ್ಯದ ತಂಡದಲ್ಲೂ ತಾನೇ ಬೆಳೆಸಿದ ಒಬ್ಬನಾದರೂ ಇರುವಂತೆ ನೋಡಿಕೊಂಡ ಕ್ಲಬ್ಬಿದು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ ಕೂಡ. ಅದೇ ಮಕ್ಕಳನ್ನು 'ಪೂರ್ತಿ ಲಾಭ' ಎಂಬ ಕಾಲಂನಲ್ಲಿ ಬರೆಯುವ ಕಾಲ ಬಂದಿದೆ. ನಿಯಮ ಮಾಡಿದ್ದು ರಾಟ್‌ಕ್ಲಿಫ್ ಅಲ್ಲ. ಈ ಒಂದು ವಿಷಯದಲ್ಲಿ ನನ್ನ ಸಿಟ್ಟು ಲೀಗಿನ ಮೇಲೆ.

ಹಾಗಾದರೆ ನಿಜವಾದ ಮರುಕಟ್ಟುವಿಕೆ ಹೇಗಿರುತ್ತದೆ? ಇದೇ ಕ್ಲಬ್ಬಿನ ಚರಿತ್ರೆಯಲ್ಲಿ ಒಂದು ಉದಾಹರಣೆ ಇದೆ, ಫುಟ್ಬಾಲ್ ಗೊತ್ತಿಲ್ಲದವರಿಗೂ ಅದನ್ನು ಹೇಳಬೇಕು. 1958ರ ಫೆಬ್ರವರಿ 6ರಂದು ಮ್ಯೂನಿಕ್ ವಿಮಾನ ನಿಲ್ದಾಣದ ಹಿಮದಲ್ಲಿ ತಂಡದ ವಿಮಾನ ಅಪಘಾತಕ್ಕೀಡಾಯಿತು. 23 ಜನ ತೀರಿಕೊಂಡರು, ಅವರಲ್ಲಿ ಎಂಟು ಮಂದಿ ಆಟಗಾರರು. ಮ್ಯಾನೇಜರ್ ಮ್ಯಾಟ್ ಬಸ್ಬಿ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ. ಹದಿಮೂರು ದಿನಗಳ ಮೇಲೆ ಓಲ್ಡ್ ಟ್ರಾಫರ್ಡಿನಲ್ಲಿ ಪಂದ್ಯ. ಆ ದಿನ ಅಚ್ಚಾದ ಕೈಪಿಡಿಯಲ್ಲಿ ಯುನೈಟೆಡ್ ಆಟಗಾರರ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಯಾರು ಆಡುತ್ತಾರೆಂದು ಮುದ್ರಣದ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ. ಸಹಾಯಕ ಜಿಮ್ಮಿ ಮರ್ಫಿ ಅಕಾಡೆಮಿ ಹುಡುಗರನ್ನೂ ಬದುಕುಳಿದವರನ್ನೂ ಇನ್ನಿಬ್ಬರು ಹೊರಗಿನವರನ್ನೂ ಕೂಡಿಸಿ ತಂಡ ಕಟ್ಟಿದರು, ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ ಮೂರು ಗೋಲಿನಿಂದ ಗೆದ್ದರು. ಬಸ್ಬಿ ಎದ್ದು ಬಂದರು. 1968ರಲ್ಲಿ ಯುರೋಪಿಯನ್ ಕಪ್ ಗೆದ್ದಾಗ ಆ ತಂಡದಲ್ಲಿ ಮ್ಯೂನಿಕ್‌ನಲ್ಲಿ ಬದುಕುಳಿದ ಬಾಬಿ ಚಾರ್ಲ್ಟನ್ ಮತ್ತು ಬಿಲ್ ಫೋಕ್ಸ್ ಇದ್ದರು. ಹತ್ತು ವರ್ಷ ಹಿಡಿಯಿತು.

ಹಳೆಯದೆಲ್ಲ ಚಿನ್ನ ಎಂದು ಹಾಡುವ ಜಾತಿ ನನ್ನದಲ್ಲ. ಆ ಕಾಲದ ಮಾಲೀಕರು ಸಂತರಾಗಿರಲಿಲ್ಲ. 1961ರವರೆಗೆ ಇಂಗ್ಲೆಂಡಿನಲ್ಲಿ ಆಟಗಾರನ ಸಂಬಳಕ್ಕೆ ವಾರಕ್ಕೆ 20 ಪೌಂಡಿನ ಮಿತಿ ಇತ್ತು, ಮಾಲೀಕರು ಅದನ್ನು ಸುಖವಾಗಿ ಅನುಭವಿಸಿದರು. ನಾನು ಹೇಳುವುದು ಕೆಲಸದ ಕ್ರಮದ ಬಗ್ಗೆ. ಬಸ್ಬಿ ಮತ್ತು ಮರ್ಫಿ ಉಳಿದದ್ದನ್ನು ಎಣಿಸಿಕೊಂಡು, ಅದರಿಂದ ಕಟ್ಟಿದರು. 1968ರಲ್ಲೇ ಟೆಲಿಫೋನ್ ವಿಭಾಗಕ್ಕೆ ಸೇರಿದ ಕ್ಯಾಥ್ ಫಿಪ್ಸ್ ಎಂಬ ಮಹಿಳೆ ಆಮೇಲೆ ಸ್ವಾಗತಕಾರಿಣಿಯಾಗಿ 55 ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ದುಡಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಇಡೀ ಕ್ಲಬ್ಬು ಕಣ್ಣೀರು ಹಾಕಿತು. ಎರಡು ತಿಂಗಳಿಗೆ, ಅವರಂಥವರ ಇನ್ನೂರು ಹುದ್ದೆಗಳ ಪ್ರಕಟಣೆ ಹೊರಬಿತ್ತು.

ಆ ಪ್ರಕಟಣೆಯಾಗಿ ಹದಿನೈದು ದಿನಕ್ಕೆ, ಮಾರ್ಚ್ 11ರಂದು, ಹೊಸ ಕ್ರೀಡಾಂಗಣದ ಚಿತ್ರ ಬಿಡುಗಡೆಯಾಯಿತು. ವಿನ್ಯಾಸ ನಾರ್ಮನ್ ಫಾಸ್ಟರ್ ಸಂಸ್ಥೆಯದು. ಒಂದು ಲಕ್ಷ ಆಸನ, ಇನ್ನೂರು ಕೋಟಿ ಪೌಂಡ್, ಐದು ವರ್ಷ. ಮೂರು ಎತ್ತರದ ಕಂಬಗಳಿಗೆ ಕಟ್ಟಿದ ದೊಡ್ಡ ಕೊಡೆಯಂಥ ಚಾವಣಿ. ಅದರಿಂದ 92,000 ಉದ್ಯೋಗ, 17,000 ಮನೆ, ದೇಶದ ಆರ್ಥಿಕತೆಗೆ ವರ್ಷಕ್ಕೆ 730 ಕೋಟಿ ಪೌಂಡ್ ಎಂದು ಹೇಳಿಕೆ. ಇನ್ನೂರು ಜನರ ಕೆಲಸ ಕಿತ್ತು ಹದಿನೈದು ದಿನಕ್ಕೆ ತೊಂಬತ್ತೆರಡು ಸಾವಿರ ಕೆಲಸದ ಆಶ್ವಾಸನೆ! ಸುತ್ತಲಿನ ಪ್ರದೇಶದ ಅಭಿವೃದ್ಧಿಗೆ ಸರ್ಕಾರದ ನೆರವು ಬೇಕು ಎಂಬ ಮಾತೂ ಜೊತೆಗಿತ್ತು. ಕೇಳಿದವರು ಮೊನಾಕೊದಲ್ಲಿ ತೆರಿಗೆ ವಿಳಾಸ ಇರುವವರು. ಕೊಡೆ ಚಂದವಾಗಿದೆ. ಅದರ ಕೆಳಗೆ ಯಾರಿಗೆ ಜಾಗ ಎಂಬುದನ್ನು ಮಾತ್ರ 66 ಪೌಂಡಿನ ಟಿಕೆಟ್ಟು ಈಗಾಗಲೇ ಹೇಳಿದೆ.

ಬೇರೆ ದಾರಿ ಇಲ್ಲವೆನ್ನುವವರಿಗೆ ಹತ್ತಿರದ್ದೇ ಒಂದು ವಿಳಾಸ ಕೊಡಬಲ್ಲೆ. 2005ರಲ್ಲಿ ಗ್ಲೇಜರ್ ಬಂದಾಗ ಸಿಟ್ಟಿಗೆದ್ದ ಅಭಿಮಾನಿಗಳು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ತಮ್ಮದೇ ಕ್ಲಬ್ ಕಟ್ಟಿದರು. ಒಬ್ಬ ಸದಸ್ಯನಿಗೆ ಒಂದೇ ಮತ. ಮಾಸ್ಟನ್‌ನಲ್ಲಿ ಸ್ವಂತ ಮೈದಾನ, 2015ರಲ್ಲಿ ತೆರೆದದ್ದು. 2025ರಲ್ಲಿ ಆಡುತ್ತಿದ್ದುದು ಏಳನೇ ದರ್ಜೆಯಲ್ಲಿ. ಅವರ ಒಳಜಗಳಗಳೂ ಕಡಿಮೆಯಿಲ್ಲ, ನಮ್ಮ ಸಂಶೋಧಕರ ಸಂಘದ ಹಾಗೆಯೇ. ನಾನು ಅವರ ಒಂದು ಪಂದ್ಯವನ್ನೂ ಪೂರ್ತಿ ನೋಡಿಲ್ಲ. ನಮ್ಮ ಪ್ರೀತಿಯೂ ದೊಡ್ಡ ಬೆಳಕಿನ ಕಡೆಗೇ ಹಾರುವ ಹುಳ.

ಇಂಗ್ಲೆಂಡಿನ ಸಿಬ್ಬಂದಿಯ ಊಟಕ್ಕೆ ಇಲ್ಲಿ ಕೂತು ಯಾಕಿಷ್ಟು ಗೋಳು ಎಂದು ಕೇಳಬಹುದು. ಬೆಂಗಳೂರು ಎಫ್‌ಸಿ 2025ರ ಆಗಸ್ಟಿನಲ್ಲಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಅಲ್ಲಿಯ ಸಂದರ್ಭ ಬೇರೆ. ಇಂಡಿಯನ್ ಸೂಪರ್ ಲೀಗ್ ನಡೆಯುತ್ತದೋ ಇಲ್ಲವೋ ಎಂಬುದೇ ಗೊತ್ತಿರದ ಸ್ಥಿತಿಯಲ್ಲಿ ಬಂದ ನಿರ್ಧಾರ ಅದು. ಅದನ್ನು ರಾಟ್‌ಕ್ಲಿಫ್ ಯೋಜನೆಯ ಪಕ್ಕ ಇಟ್ಟು ತೂಗಲಾರೆ. ಆದರೆ ಬಿರುಗಾಳಿ ಎದ್ದಾಗ ಮೊದಲು ಯಾರ ಸೂರು ಹಾರುತ್ತದೆ ಎಂಬುದು ಎರಡೂ ಊರಲ್ಲಿ ಒಂದೇ.

ಇನ್ನೂ ಹತ್ತಿರದ್ದು ಹೇಳುತ್ತೇನೆ. ಎರಡು ವರ್ಷದ ಹಿಂದೆ ನಾನಿದ್ದ ಹಾಸ್ಟೆಲ್ಲಿನ ಮೆಸ್ಸನ್ನು 'ನವೀಕರಿಸಿದರು'. ಹೊಸ ಟೈಲ್ಸು, ಸ್ಟೀಲಿನ ಕೌಂಟರು, ಗುತ್ತಿಗೆಗೆ ಹೊಸ ಏಜೆನ್ಸಿ. ಲೈಬ್ರರಿಯಿಂದ ತಡವಾಗಿ ಬರುವವರಿಗೆ ಅನ್ನ ಸಾರು ಮುಚ್ಚಿಡುತ್ತಿದ್ದ ಅಡುಗೆಯ ಅಕ್ಕ ಒಂದು ಸೋಮವಾರದಿಂದ ಕಾಣಲಿಲ್ಲ. ನಾವು ಯಾರೂ ಕೇಳಲಿಲ್ಲ. ತಿಂಗಳ ಕೊನೆಗೆ ಅಭಿಪ್ರಾಯ ಕೇಳಿ ಕೊಟ್ಟ ಚೀಟಿಯಲ್ಲಿ ಚಪಾತಿ ಮೊದಲಿಗಿಂತ ಮೆತ್ತಗಿದೆ ಎಂದು ಬರೆದವಳು ನಾನು. ಪುನರ್ನಿರ್ಮಾಣ ಯಾವಾಗಲೂ ಗೆಲ್ಲುವುದು ನಮ್ಮಂಥವರ ಈ ಚೀಟಿಗಳಿಂದ. ಆ ಅಕ್ಕನ ಹೆಸರು ಕೇಳಿಕೊಂಡಿರಲಿಲ್ಲ ಎಂಬುದು ಈಗ ನೆನಪಾಗಿ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

2025ರ ಆಗಸ್ಟ್ 27ರ ರಾತ್ರಿ ಮತ್ತೆ ಅದೇ ಲ್ಯಾಪ್‌ಟಾಪು, ಅದೇ ಹನ್ನೆರಡೂವರೆ. ಲೀಗ್ ಕಪ್ಪಿನಲ್ಲಿ ಎದುರಾಳಿ ಗ್ರಿಮ್ಸ್‌ಬಿ ಟೌನ್, ನಾಲ್ಕನೇ ದರ್ಜೆಯ, ಮೀನುಗಾರರ ಊರಿನ ತಂಡ. ಅಲ್ಲಿನ ಅಭಿಮಾನಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಮೀನು ಹಿಡಿದುಕೊಂಡು ಬರುತ್ತಾರೆ. ಇಪ್ಪತ್ತು ಕೋಟಿಯ ಪುನರ್ನಿರ್ಮಾಣ ಎರಡು ಗೋಲು ಹಿಂದೆ ಬಿದ್ದು, ಹೇಗೋ ಸಮ ಮಾಡಿ, ಪೆನಾಲ್ಟಿಯಲ್ಲಿ 12-11ರಿಂದ ಸೋತಿತು. ಕೊನೆಯ ಒದೆತ ಎಂಬ್ಯೂಮೊದು, ಚೆಂಡು ಅಡ್ಡಪಟ್ಟಿಗೆ ಬಡಿಯಿತು.

ಜೂನಿಯರ್ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಈಗ ಯಾರನ್ನ ತೆಗೀತಾರೆ ಅಕ್ಕ?" ಎಂದಳು.

ನಾನು ತರಬೇತುದಾರನ ಹೆಸರು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಅಲ್ಲ, ಊಟ ಬಡಿಸೋರಲ್ಲಿ ಇನ್ನೂ ಯಾರಾದ್ರೂ ಉಳಿದಿದ್ದಾರಾ?" ಅಂತ ಕೇಳಿದಳು.